ಬಸುರಿ ಇರುವ ಮನೆಯಲ್ಲಿ ಬೆಕ್ಕು ಇರಬಾರದೇ? ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ

"ಮನೆಯಲ್ಲಿ ಗರ್ಭಿಣಿ ಇದ್ದರೆ ಇಂದೇ ಬೆಕ್ಕನ್ನು ಹೊರಹಾಕಿ. ಅದರ ಒಂದು ಕೂದಲು ಹೊಟ್ಟೆಗೆ ಹೋದರೂ ಗರ್ಭ ನಿಲ್ಲುವುದಿಲ್ಲ, ನಿಂತರೂ ಮಗು ಕುರುಡಾಗುತ್ತದೆ. ಎಲ್ಲ ಗ್ರೂಪ್‌ಗಳಿಗೂ ಕಳಿಸಿ."

ಇಂಥದ್ದೊಂದು ಸಂದೇಶ ನಮ್ಮ ಕುಟುಂಬದ ವಾಟ್ಸಾಪ್ ಗ್ರೂಪ್‌ಗೆ ಬಂತು. ನಮ್ಮದು ಮುಳಬಾಗಿಲು ತಾಲ್ಲೂಕಿನ ದೇವರಾಯಸಮುದ್ರ. ಆಂಧ್ರದ ಗಡಿ ಹತ್ತಿರ ಇರುವುದರಿಂದ ಗ್ರೂಪ್‌ನಲ್ಲಿ ಅರ್ಧ ಕನ್ನಡ, ಅರ್ಧ ತೆಲುಗು. ಸಂದೇಶ ಬೆಳಿಗ್ಗೆ ತೆಲುಗಿನಲ್ಲಿ ಬಂದಿತ್ತು, ಮಧ್ಯಾಹ್ನದ ಹೊತ್ತಿಗೆ ಕನ್ನಡದಲ್ಲೂ ಬಂತು. ಮನೆಯಲ್ಲಿ ಎರಡು ಬೆಕ್ಕುಗಳಿವೆ. ಚುಕ್ಕಿಯನ್ನು ಹೆದ್ದಾರಿ ಪಕ್ಕ ಖಾಲಿ ಟೊಮೆಟೊ ಕ್ರೇಟಿನ ಕೆಳಗೆ ನೆನೆದು ನಡುಗುತ್ತಿದ್ದಾಗ ಎತ್ತಿಕೊಂಡು ಬಂದೆವು. ಕರಿಯ ತಾನಾಗಿಯೇ ಬಂದವನು, ಆಮೇಲೆ ಹೋಗಲೇ ಇಲ್ಲ. ಅದೇ ವೇಳೆಗೆ ಮನೆಗೆ ಬಂದಿದ್ದ ತಂಗಿಗೆ ಮೂರನೇ ತಿಂಗಳು. ಸಂಜೆಯಷ್ಟರಲ್ಲಿ ಬೆಕ್ಕುಗಳನ್ನು ಚೀಲದಲ್ಲಿ ಹಾಕಿ ದೂರ ಬಿಟ್ಟುಬರುವ ಮಾತು ಶುರುವಾಗಿತ್ತು. ತಂಗಿ ಅಳುತ್ತಿದ್ದಳು, ಬೆಕ್ಕಿಗಾಗಿ ಅಲ್ಲ, ಆ ಬೆಳಿಗ್ಗೆಯೂ ಚುಕ್ಕಿಯನ್ನು ಮಡಿಲಲ್ಲಿ ಮಲಗಿಸಿಕೊಂಡಿದ್ದೆನಲ್ಲ ಎಂಬ ಭಯಕ್ಕೆ.

ಹಾಗಾಗಿ ಆ ಸಂದೇಶದಲ್ಲಿ ನಿಜ ಎಷ್ಟು, ಸುಳ್ಳು ಎಷ್ಟು ಎಂದು ನೋಡಲೇಬೇಕಾಯಿತು.

ಕೂದಲಿನ ಮಾತು ಪೂರ್ತಿ ಸುಳ್ಳು. ನುಂಗಿದ್ದು ಅನ್ನನಾಳದಿಂದ ಜಠರಕ್ಕೆ, ಅಲ್ಲಿಂದ ಕರುಳಿಗೆ ಹೋಗಿ, ಕೊನೆಗೆ ಮಲದಲ್ಲಿ ಹೊರಬೀಳುತ್ತದೆ. ಹೊಟ್ಟೆಯಿಂದ ಗರ್ಭಕೋಶಕ್ಕೆ ದಾರಿಯೇ ಇಲ್ಲ. ಆಡುಮಾತಿನಲ್ಲಿ ಎರಡಕ್ಕೂ "ಹೊಟ್ಟೆ" ಎನ್ನುತ್ತೇವೆ, ಗೊಂದಲ ಹುಟ್ಟುವುದು ಅಲ್ಲೇ ಇರಬೇಕು.

ಆದರೆ ಸಂದೇಶದ ಹಿಂದೆ ಒಂದು ನಿಜವಾದ ಕಾಯಿಲೆ ಇದೆ. ಅದರ ಹೆಸರು ಟಾಕ್ಸೊಪ್ಲಾಸ್ಮೋಸಿಸ್. ಟಾಕ್ಸೊಪ್ಲಾಸ್ಮಾ ಗೊಂಡಿ ಎಂಬ, ಕಣ್ಣಿಗೆ ಕಾಣದ ಪರಾವಲಂಬಿ ಜೀವಿಯಿಂದ ಬರುತ್ತದೆ. ಇದನ್ನು ಗುರುತಿಸಿದ್ದು 1908ರಲ್ಲಿ. ಆದರೆ ಇದಕ್ಕೂ ಬೆಕ್ಕಿಗೂ ಏನು ಸಂಬಂಧ ಎಂಬುದು ಬಿಡಿಸಿದ್ದು ಸುಮಾರು ಅರವತ್ತು ವರ್ಷದ ನಂತರ, 1970ರ ಆಸುಪಾಸಿನಲ್ಲಿ. ಆ ಕೆಲಸ ಮಾಡಿದವರಲ್ಲಿ ಭಾರತದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಪಶುವಿಜ್ಞಾನಿ ಜೆ.ಪಿ. ದುಬೆ ಒಬ್ಬರು. ಈ ಜೀವಿ ಮೊಟ್ಟೆಯಂಥ ಕೋಶಗಳನ್ನು ಬಿಡುವುದು ಬೆಕ್ಕಿನ ಜಾತಿಯ ಪ್ರಾಣಿಗಳ ಕರುಳಿನಲ್ಲಿ ಮಾತ್ರ. ಅವು ಮಲದ ಜೊತೆ ಹೊರಬಂದು ಮಣ್ಣು ಸೇರುತ್ತವೆ. ಗರ್ಭಿಣಿಗೆ ಈ ಸೋಂಕು ಮೊದಲ ಸಲ ಗರ್ಭಾವಸ್ಥೆಯಲ್ಲೇ ತಗುಲಿದರೆ ಮಗುವಿಗೆ ದಾಟಬಹುದು. ಮಗುವಿನ ಕಣ್ಣಿಗೆ, ಮೆದುಳಿಗೆ ಹಾನಿಯಾಗಬಹುದು, ಕೆಲವೊಮ್ಮೆ ಗರ್ಭಪಾತವೂ ಆಗಬಹುದು. ಇಷ್ಟು ನಿಜ.

ಹಾಗಾದರೆ ಬೆಕ್ಕನ್ನು ಓಡಿಸುವುದು ಸರಿಯಲ್ಲವೇ? ಇಲ್ಲ. ಯಾಕೆಂದರೆ ಈ ಜೀವಿ ಹರಡುವ ಕ್ರಮ ಸಂದೇಶ ಬರೆದವರು ಅಂದುಕೊಂಡಂತೆ ಇಲ್ಲ.

ಬೆಕ್ಕು ಸಾಮಾನ್ಯವಾಗಿ ತನಗೆ ಮೊದಲ ಸಲ ಸೋಂಕು ತಗುಲಿದಾಗ ಮಾತ್ರ, ಒಂದರಿಂದ ಮೂರು ವಾರ ಈ ಕೋಶಗಳನ್ನು ಮಲದಲ್ಲಿ ಬಿಡುತ್ತದೆ. ಆಮೇಲೆ ಅದರ ದೇಹಕ್ಕೆ ತಡೆಯುವ ಶಕ್ತಿ ಬರುತ್ತದೆ. ಅಂದರೆ ಹತ್ತು ವರ್ಷ ಬದುಕುವ ಬೆಕ್ಕು ಅಪಾಯಕಾರಿ ಆಗಿರುವುದು ಹೆಚ್ಚೆಂದರೆ ಕೆಲವು ವಾರ. ಆಗಲೂ ಹಸಿ ಮಲದಿಂದ ತಕ್ಷಣ ಸೋಂಕು ಬರುವುದಿಲ್ಲ. ಹೊರಬಂದ ಕೋಶಗಳು ಗಾಳಿಯಲ್ಲಿ ಬಲಿತು ಸೋಂಕು ಹರಡುವ ಹಂತಕ್ಕೆ ಬರಲು ಒಂದರಿಂದ ಐದು ದಿನ ಬೇಕು. ದಿನವೂ ಮೈ ನೆಕ್ಕಿ ಶುಚಿ ಮಾಡಿಕೊಳ್ಳುವ ಬೆಕ್ಕಿನ ತುಪ್ಪಳದ ಮೇಲೆ ಅವು ಅಷ್ಟು ದಿನ ಕೂರುವುದಿಲ್ಲ. ಮಡಿಲಲ್ಲಿ ಮಲಗಿದ ಬೆಕ್ಕಿನಿಂದ ಈ ಕಾಯಿಲೆ ಬರುವ ಸಾಧ್ಯತೆ ತೀರಾ ಕಡಿಮೆ ಎನ್ನುವುದು ಇದಕ್ಕೇ. ತಂಗಿಗೆ ಮೊದಲು ಹೇಳಿದ್ದು ಈ ಮಾತು.

ಜನರಿಗೆ ಸೋಂಕು ಬರುವುದು ಹೆಚ್ಚಾಗಿ ಬಾಯಿಯ ಮೂಲಕ. ಸರಿಯಾಗಿ ಬೇಯದ ಮಾಂಸ, ತೊಳೆಯದ ಸೊಪ್ಪು ತರಕಾರಿ, ಮಣ್ಣು ಹತ್ತಿದ ಕೈ. ಯೂರೋಪಿನ ಆರು ನಗರಗಳ ಗರ್ಭಿಣಿಯರ ಮೇಲೆ ನಡೆದ ಒಂದು ಅಧ್ಯಯನ 2000ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಸೋಂಕಿನ ಶೇ. 30ರಿಂದ 63ರಷ್ಟು ಪಾಲು ಅರೆಬೆಂದ ಮಾಂಸದಿಂದ, ಶೇ. 6ರಿಂದ 17ರಷ್ಟು ಮಣ್ಣಿನಿಂದ ಎಂದು ಅದು ಲೆಕ್ಕ ಹಾಕಿತು. ಬೆಕ್ಕಿನ ಒಡನಾಟ ಅಪಾಯದ ಪಟ್ಟಿಗೆ ಬರಲೇ ಇಲ್ಲ. ನಮ್ಮೂರುಗಳ ಊಟ ಯೂರೋಪಿನಂತಿಲ್ಲ. ಮುದ್ದೆಗೆ ಮಾಡುವ ಮಟನ್ ಸಾರನ್ನು ಕುಕ್ಕರಿನಲ್ಲಿ ಎಲುಬು ಬಿಡುವವರೆಗೂ ಬೇಯಿಸುತ್ತೇವೆ, ಅಷ್ಟು ಬೆಂದರೆ ಈ ಜೀವಿ ಉಳಿಯುವುದಿಲ್ಲ. ಮಣ್ಣಿನ ವಿಷಯದಲ್ಲಿ ಮಾತ್ರ ಕೋಲಾರದವರು ಎಚ್ಚರವಾಗಿರಬೇಕು. ತೋಟದಲ್ಲೇ ಕಿತ್ತ ಕೊತ್ತಂಬರಿ, ಹಾಗೇ ಒರೆಸಿಕೊಂಡು ಕಚ್ಚುವ ಟೊಮೆಟೊ, ಹಿಪ್ಪುನೇರಳೆ ಸೊಪ್ಪು ಕೊಯ್ದ ಕೈಯಲ್ಲೇ ಕಾಫಿ ಲೋಟ ಹಿಡಿಯುವುದು, ಇವೆಲ್ಲ ನಮ್ಮ ದಿನಚರಿ. ಮನೆಯ ಬೆಕ್ಕನ್ನು ಓಡಿಸಿದರೂ ಊರಿನ ಬೆಕ್ಕುಗಳು ಆ ತೋಟಕ್ಕೆ ಬಂದೇ ಬರುತ್ತವೆ.

ನಾವು ಮಾಡಿಕೊಂಡ ಬದಲಾವಣೆ ಇಷ್ಟೇ. ಬೆಕ್ಕಿನ ಮರಳಿನ ಟ್ರೇಯನ್ನು ತಂಗಿ ಮುಟ್ಟುವುದಿಲ್ಲ, ಬೇರೆಯವರು ದಿನಕ್ಕೊಮ್ಮೆ ತಪ್ಪದೆ ಶುಚಿ ಮಾಡುತ್ತಾರೆ. ಕೋಶಗಳು ಬಲಿಯಲು ಕನಿಷ್ಠ ಒಂದು ದಿನ ಬೇಕಲ್ಲ, ಆ ಲೆಕ್ಕ. ತೋಟದ ಕೆಲಸಕ್ಕೆ ಇಳಿದರೆ ಕೈಗವಸು, ಬಂದಮೇಲೆ ಸೋಪು. ಹಸಿಯಾಗಿ ತಿನ್ನುವುದನ್ನೆಲ್ಲ ಚೆನ್ನಾಗಿ ತೊಳೆಯುತ್ತೇವೆ. ಬೆಕ್ಕುಗಳಿಗೆ ಹಸಿ ಮಾಂಸ ಹಾಕುವುದನ್ನು ನಿಲ್ಲಿಸಿದೆವು. ಇಲಿ ಹಿಡಿಯುವುದನ್ನು ನಿಲ್ಲಿಸಲು ಆಗಲಿಲ್ಲ, ರಾಗಿ ಮೂಟೆ ಇರುವ ಮನೆಯಲ್ಲಿ ಅದನ್ನು ಯಾರೂ ಬಯಸುವುದೂ ಇಲ್ಲ. ಸಂದೇಹವಿದ್ದರೆ ವೈದ್ಯರು ರಕ್ತಪರೀಕ್ಷೆ ಬರೆಯುತ್ತಾರೆ. ಹಳೆಯ ಸೋಂಕೋ ಹೊಸದೋ ಎಂಬ ಸುಳಿವು ಅದರಲ್ಲಿ ಸಿಗುತ್ತದೆ, ಹೊಸದಾದರೆ ಚಿಕಿತ್ಸೆಯೂ ಇದೆ. ಗರ್ಭಕ್ಕೆ ಮುಂಚೆ ಯಾವತ್ತೋ ಬಂದುಹೋದ ಸೋಂಕು, ರೋಗನಿರೋಧಕ ಶಕ್ತಿ ಚೆನ್ನಾಗಿರುವ ಹೆಂಗಸರಲ್ಲಿ, ಸಾಮಾನ್ಯವಾಗಿ ಮಗುವಿಗೆ ದಾಟುವುದಿಲ್ಲ.

ಕೂದಲಿನ ಬಗ್ಗೆ ಇನ್ನೊಂದು ಮಾತು. ಬೆಕ್ಕಿನಿಂದ ಉಬ್ಬಸ ಬರುತ್ತದೆ ಎನ್ನುವುದು ಕೆಲವರ ಮಟ್ಟಿಗೆ ನಿಜ. ಅಲರ್ಜಿ ಇರುವವರಿಗೆ ತೊಂದರೆ ಕೊಡುವುದು ಕೂದಲಲ್ಲ, ಬೆಕ್ಕಿನ ಜೊಲ್ಲು ಮತ್ತು ಚರ್ಮದಲ್ಲಿರುವ ಒಂದು ಪ್ರೋಟೀನು. ನೆಕ್ಕಿದಾಗ ಅದು ಕೂದಲಿಗೆ ಹತ್ತಿ, ಒಣಗಿ, ಗಾಳಿಯಲ್ಲಿ ತೇಲುತ್ತದೆ. ಮನೆಯಲ್ಲಿ ಯಾರಿಗಾದರೂ ಉಬ್ಬಸವಿದ್ದು ಬೆಕ್ಕು ಹತ್ತಿರ ಬಂದಾಗ ಹೆಚ್ಚಾಗುತ್ತಿದ್ದರೆ ವೈದ್ಯರಿಗೆ ತೋರಿಸಿ.

ಯಾರೂ ಫಾರ್ವರ್ಡ್ ಮಾಡದ ಅಪಾಯ

ವಿಚಿತ್ರವೆಂದರೆ, ಬೆಕ್ಕಿನಿಂದ ಬರಬಹುದಾದ ಜೀವ ತೆಗೆಯುವ ಕಾಯಿಲೆಯ ಬಗ್ಗೆ ಗ್ರೂಪ್‌ನಲ್ಲಿ ಒಂದು ಸಂದೇಶವೂ ಬಂದಿರಲಿಲ್ಲ. ಅದು ರೇಬೀಸ್. ನಾಯಿ ಕಚ್ಚಿದರೆ ಓಡಿಹೋಗಿ ಚುಚ್ಚುಮದ್ದು ಹಾಕಿಸುವವರೂ "ಬೆಕ್ಕು ತಾನೇ, ಪರಚಿದೆ ಅಷ್ಟೇ" ಎಂದು ಅರಿಶಿನ ಒತ್ತಿ ಸುಮ್ಮನಾಗುತ್ತಾರೆ. ರೇಬೀಸ್ ಬಂದ ಬೆಕ್ಕೂ ಅದನ್ನು ಹರಡುತ್ತದೆ. ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುಳಿದವರು ಜಗತ್ತಿನಲ್ಲೇ ಬೆರಳೆಣಿಕೆಯಷ್ಟು.

ಬೆಕ್ಕು ಕಚ್ಚಿದರೆ, ಪರಚಿದರೆ, ಗಾಯದ ಮೇಲೆ ನೆಕ್ಕಿದರೆ ಮೊದಲು ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿಕೊಂಡೇ ತೊಳೆಯಿರಿ, 15 ನಿಮಿಷ ನಾವು ಅಂದುಕೊಳ್ಳುವುದಕ್ಕಿಂತ ಉದ್ದ. ಸುಣ್ಣ, ಖಾರದ ಪುಡಿ, ಅರಿಶಿನ, ಕಾಫಿ ಪುಡಿ ಯಾವುದೂ ಬೇಡ. ಆಮೇಲೆ ಸರ್ಕಾರಿ ಆಸ್ಪತ್ರೆಗೆ ಹೋಗಿ. ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಎಂಬ ಹಳೆಯ ಭಯ ಇನ್ನೂ ಹಳ್ಳಿಗಳಲ್ಲಿದೆ. ಆ ಲಸಿಕೆಯ ಕಾಲ ಮುಗಿದು ದಶಕಗಳೇ ಕಳೆದವು. ಈಗ ಚರ್ಮದೊಳಗೆ ಕೊಡುವ ಕ್ರಮದಲ್ಲಿ 0, 3, 7 ಮತ್ತು 28ನೇ ದಿನ ತೋಳಿಗೆ ಸಣ್ಣ ಚುಚ್ಚು. ಚರ್ಮ ಸೀಳಿ ರಕ್ತ ಬಂದಿದ್ದರೆ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ ಎಂಬ ಇನ್ನೊಂದು ಔಷಧಿಯೂ ಬೇಕು, ಅದನ್ನು ನೀವೇ ಕೇಳಿ ನೆನಪಿಸಿ. ಗರ್ಭಿಣಿಯರಿಗೂ, ಹಾಲೂಡಿಸುವ ತಾಯಂದಿರಿಗೂ ಈ ಲಸಿಕೆ ಕೊಡಬಹುದು.

ಚುಕ್ಕಿ, ಕರಿಯ ಇಬ್ಬರಿಗೂ ಪಶು ಆಸ್ಪತ್ರೆಯಲ್ಲಿ ರೇಬೀಸ್ ಲಸಿಕೆ ಹಾಕಿಸಿದ್ದೇವೆ. ಮರಿಗೆ ಮೂರು ತಿಂಗಳಾದಾಗ ಮೊದಲ ಡೋಸು, ಮುಂದೆ ವರ್ಷಕ್ಕೊಮ್ಮೆ. ಚುಕ್ಕಿಗೆ ಸಂತಾನಹರಣ ಶಸ್ತ್ರಚಿಕಿತ್ಸೆಯೂ ಆಗಿದೆ. ಹೆಣ್ಣು ಬೆಕ್ಕು ಐದು ತಿಂಗಳಿಗೆಲ್ಲ ಗರ್ಭ ಧರಿಸಬಲ್ಲದು, ಎರಡು ತಿಂಗಳಲ್ಲಿ ಈಯುತ್ತದೆ, ಆ ಮರಿಗಳೇ ನಾಳೆ ಯಾವುದೋ ಕ್ರೇಟಿನ ಕೆಳಗೆ ಸಿಗುವುದು.

ಬೆಕ್ಕಿಗೆ ನಮ್ಮಿಂದಾಗುವ ಅಪಾಯವೂ ಕಡಿಮೆಯಿಲ್ಲ. ಜ್ವರ ಬಂದಂತಿದೆ ಎಂದು ಪ್ಯಾರಾಸಿಟಮಾಲ್ ಕೊಡಬೇಡಿ, ಒಂದೇ ಮಾತ್ರೆ ಬೆಕ್ಕಿನ ಜೀವ ತೆಗೆಯಬಲ್ಲದು. ನಾಯಿಗೆ ತಂದ ಉಣ್ಣೆಯ ಔಷಧಿಯಲ್ಲಿ ಪರ್ಮೆಥ್ರಿನ್ ಇದ್ದರೆ ಅದೂ ವಿಷ. ರೇಷ್ಮೆ ಸಾಕುವವರಿಗೆ ಇದು ಬೇಗ ಅರ್ಥವಾಗುತ್ತದೆ, ಅದೇ ಗುಂಪಿನ ಕೀಟನಾಶಕ ತಗುಲಿದರೆ ಹುಳುಗಳು ತಟ್ಟೆಯಲ್ಲೇ ಸಾಯುವುದನ್ನು ಕಂಡವರು ನಾವು. ಇನ್ನು ಹಾಲು. ಬೆಳೆದ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಅದು ಜೀರ್ಣವಾಗದೆ ಭೇದಿಯಾಗುತ್ತದೆ. ಹೈನಿನ ಮನೆಯಲ್ಲಿ ಇದನ್ನು ಹೇಳಿ ನಂಬಿಸುವುದು ಕಷ್ಟ, ನಮ್ಮ ಅಮ್ಮ ಇನ್ನೂ ನಂಬಿಲ್ಲ.

ಇದನ್ನೆಲ್ಲ ಸಣ್ಣದಾಗಿ ಬರೆದು ಗ್ರೂಪ್‌ಗೆ ಹಾಕಿದೆವು. ಯಾರೂ ಉತ್ತರಿಸಲಿಲ್ಲ. ರಾತ್ರಿ ಹತ್ತರ ಮೇಲೆ ಸಂಬಂಧಿಕರೊಬ್ಬರು ಪ್ರತ್ಯೇಕವಾಗಿ ಕೇಳಿದರು: ಮಗನಿಗೆ ಎಂಟು ದಿನದ ಹಿಂದೆ ಬೀದಿ ಬೆಕ್ಕೊಂದು ಪರಚಿತ್ತು, ಅರಿಶಿನ ಹಚ್ಚಿದ್ದೆವು, ಆ ಬೆಕ್ಕು ಆಮೇಲೆ ಕಾಣಿಸಿಲ್ಲ, ಈಗ ತಡವಾಯಿತೇ? ತಡವಾಗಿದೆ ಎಂದು ಲಸಿಕೆ ಬಿಡುವಂತಿಲ್ಲ, ಎಷ್ಟೇ ದಿನವಾಗಿದ್ದರೂ ಶುರು ಮಾಡಲೇಬೇಕು ಎಂದೆವು. ಮರುದಿನ ಬೆಳಿಗ್ಗೆ ಹುಡುಗನಿಗೆ ಮೊದಲ ಡೋಸು ಆಯಿತು. ಉಳಿದ ಮೂರು ದಿನಾಂಕಗಳನ್ನು ಅವನ ಅಪ್ಪ ಅದೇ ಗ್ರೂಪ್‌ನಲ್ಲಿ ಪಿನ್ ಮಾಡಿಟ್ಟಿದ್ದಾರೆ.