ಬಿದರಿಯ ಎರಡು ಕಪ್ಪು

ನಮ್ಮ ಸದಸ್ಯರ ಮನೆಗಳಲ್ಲಿ ಬಿದರಿಯ ಒಂದು ಹೂದಾನಿಯೋ ಪುಟ್ಟ ಪೆಟ್ಟಿಗೆಯೋ ಇಲ್ಲದ ಮನೆ ಅಪರೂಪ. ಊರಿಗೆ ಹೋದಾಗ ಕೊಂಡದ್ದು, ಇಲ್ಲವೇ ಬಂದವರು ಉಡುಗೊರೆಯಾಗಿ ತಂದದ್ದು. ಅದರ ಬೆಳ್ಳಿಯ ಹೂಬಳ್ಳಿಯನ್ನು ಎಲ್ಲರೂ ಮೆಚ್ಚುತ್ತೇವೆ. ಆದರೆ ಆ ಬಳ್ಳಿ ಎದ್ದು ಕಾಣುವುದು ಹಿಂದಿನ ಕಪ್ಪಿನಿಂದ. ಕೆಲಸದ ದಾರಿಯಲ್ಲಿ ಆ ಕಪ್ಪು ಒಂದಲ್ಲ, ಎರಡು.

ಬಿದರಿಯ ಲೋಹದಲ್ಲಿ ಸುಮಾರು 16 ಪಾಲು ಸತುವಿಗೆ 1 ಪಾಲು ತಾಮ್ರ. ಎರಕ ಹೊಯ್ದು, ಅರದಿಂದ ಉಜ್ಜಿ ನಯಮಾಡಿದ ಪಾತ್ರೆ ಬೂದುಬಿಳುಪಾಗಿರುತ್ತದೆ. ಅದರ ಮೇಲೆ ಎಳೆದ ಗೆರೆ ಸರಿಯಾಗಿ ಕಾಣದು. ಆದ್ದರಿಂದ ಕುಶಲಕರ್ಮಿಗಳು ಅದಕ್ಕೆ ಮೈಲುತುತ್ತದ ನೀರು ಸವರುತ್ತಾರೆ. ಸತು ಸ್ವಲ್ಪ ಕರಗಿ, ಆ ಜಾಗದಲ್ಲಿ ತಾಮ್ರ ನುಣ್ಣನೆಯ ಪುಡಿಯಾಗಿ ಕೂತು, ಮೈ ಕಪ್ಪಾಗುತ್ತದೆ. ಇದು ಮೊದಲನೆಯ ಕಪ್ಪು, ಚಿತ್ರ ಬರೆಯುವ ಹಲಗೆ. ಇದರ ಮೇಲೆ ಚೂಪು ಮೊನೆಯಿಂದ ಗೀಚಿ, ಉಳಿಯಿಂದ ಕೊರೆದು, ಬೆಳ್ಳಿಯ ತಂತಿ ಅಥವಾ ತಗಡನ್ನು ಬಡಿದು ಕೂರಿಸುತ್ತಾರೆ. ಮತ್ತೆ ಉಜ್ಜಿದರೆ ಕಪ್ಪೆಲ್ಲ ಹೋಗಿ, ಬೆಳ್ಳಿ ಸತುಗಳು ಹೆಚ್ಚುಕಡಿಮೆ ಒಂದೇ ಬಣ್ಣವಾಗುತ್ತವೆ. ಕೊನೆಗೆ ಪಾತ್ರೆಯನ್ನು ಬಿಸಿಮಾಡಿ, ಬೀದರ್ ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಡನೆ ಕಲಸಿ ತಿಕ್ಕುತ್ತಾರೆ. ಸತುವಿನ ಮೈ ಕಪ್ಪಾಗುತ್ತದೆ, ಬೆಳ್ಳಿ ಹಾಗೆಯೇ ಉಳಿಯುತ್ತದೆ. ಇದು ಎರಡನೆಯ ಕಪ್ಪು, ನಾವು ನೋಡುವುದು.

ಮೊದಲನೆಯ ಕಪ್ಪನ್ನು ಮಕ್ಕಳೊಡನೆ ಮನೆಯಲ್ಲೇ ಮಾಡಿ ನೋಡಿದೆವು. ಅಂಗೈಯಗಲದ ಸತುವಿನ ತಗಡನ್ನು ಉಪ್ಪುಕಾಗದದಿಂದ ತಿಕ್ಕಿ, ತೆಳುವಾದ ಮೈಲುತುತ್ತದ ನೀರು ಸವರಿ, ಒಣಗಿಸಿ, ಮೊಳೆಯಿಂದ ಗೀಚಿದೆವು. ಕಪ್ಪಿನ ನಡುವೆ ಗೆರೆ ಹೊಳೆಯಿತು. ಗೆರೆಗಳು ಒತ್ತಾದರೆ ಹೂ ಮಾಯವಾಗಿ ಬರೀ ಬೂದು ಮಚ್ಚೆ. ಎರಡು ಎಸಳುಗಳ ನಡುವೆ ಒಂದು ಅಕ್ಕಿಕಾಳಿನಷ್ಟು ಜಾಗ ಬಿಟ್ಟಾಗ ಎರಡೂ ಬೇರೆ ಬೇರೆ ಎಂದು ತಿಳಿಯಿತು. ಎಲ್ಲಿ ಗೀಚಬಾರದು ಎನ್ನುವುದೂ ಚಿತ್ರದ ಭಾಗವೇ ಎಂದು ಮಕ್ಕಳಿಗೆ ನಾವು ಹೇಳಬೇಕಾಗಲಿಲ್ಲ. ಮೊಳೆ ಒಮ್ಮೆ ಜಾರಿದರೆ ಅಳಿಸುವಂತಿಲ್ಲ. ಮತ್ತೆ ಕಪ್ಪು ಸವರಿದರೂ ಗೀರು ಉಳಿಯುತ್ತದೆ.

ಆಮೇಲೆ ಷೋಕೇಸಿನ ಹೂದಾನಿಯನ್ನು ಕೆಳಗಿಳಿಸಿದೆವು. ಉಬ್ಬಿದ ಮೈಮೇಲೆ ಬಳ್ಳಿ ಎಲ್ಲೂ ಹಿಗ್ಗದೆ, ಎಲ್ಲೂ ತಡವರಿಸದೆ ಸುತ್ತಿ ಬಂದಿತ್ತು. ಅಷ್ಟು ದಿನ ಕಾಣದಿದ್ದದ್ದು ಆಗ ಕಂಡಿತು.

ಈ ಕಲೆಗೆ ಗೌರವ ಸಂದಿಲ್ಲವೆಂದಲ್ಲ. ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಆದರೆ ಇದು ಉಳಿಯಲು ಕೊಳ್ಳುವವರ ಕಣ್ಣೂ ಬೇಕು. ನವಸಾಗರ ಸೀಸೆಯಲ್ಲಿ ಸಿಗುತ್ತದೆ, ಆ ಗೆರೆ ಸಿಗುವುದಿಲ್ಲ. ಒಳ್ಳೆಯ ಗೆರೆಗೂ ಅವಸರದ ಗೆರೆಗೂ ನಾವು ಒಂದೇ ಬೆಲೆ ಕಟ್ಟಿದರೆ, ವರ್ಷಗಟ್ಟಲೆ ಕೂತು ಕಲಿಯುವವರು ಯಾಕೆ ಕಲಿತಾರು?

ಮುಂದಿನ ಸಭೆಗೆ ಕೆಲವು ತಗಡುಗಳನ್ನು ತರುತ್ತೇವೆ. ಮೈಲುತುತ್ತ ವಿಷ, ಅದನ್ನು ಸವರುವ ಕೆಲಸ ಕೈಗವಸು ತೊಟ್ಟ ದೊಡ್ಡವರದು. ಗೀಚುವುದು ಮಾತ್ರ ಮಕ್ಕಳದು. ನಿಮ್ಮ ಮನೆಯ ಬಿದರಿ ಪಾತ್ರೆಯನ್ನೂ ಜೊತೆಗೆ ತನ್ನಿ.