ಪ್ರಯೋಗಾಲಯ ಬಿಟ್ಟು ಗಿಟಾರ್ ಹಿಡಿದವರು

ಸೂಕ್ಷ್ಮಜೀವಿಶಾಸ್ತ್ರದ ಎಂ.ಎಸ್ಸಿ.ಯಲ್ಲಿ ಚಿನ್ನದ ಪದಕ, ಭರತನಾಟ್ಯದಲ್ಲಿ ವಿದ್ವತ್, ಬೆಲ್ಜಿಯಂನ ಔಷಧ ಕಂಪನಿಯಲ್ಲಿ ನೌಕರಿ. ಯಾವ ತಂದೆತಾಯಿಗೆ ತಾನೆ ಇದು ಸಾಲದು? 1974ರಲ್ಲಿ ಹುಟ್ಟಿ, ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಇಷ್ಟೆಲ್ಲ ಗಳಿಸಿದ ಮೇಲೆ ನೌಕರಿ ಬಿಟ್ಟು ಹಾಡುಗಾರನಾಗಲು ಬೆಂಗಳೂರಿಗೆ ಬಂದರು.

ಗಿಟಾರ್ ಅವರ ಕೈಗೆ ಬಂದದ್ದು ಒಂದು ಪಂಥದಿಂದ. ಗಂಡುಹುಡುಗ ಗೆಜ್ಜೆ ಕಟ್ಟುವುದನ್ನು ಸಹಪಾಠಿಯೊಬ್ಬ ಗೇಲಿ ಮಾಡಿದನಂತೆ. ‘ಎರಡು ತಿಂಗಳಲ್ಲಿ ನಾನು ಗಿಟಾರ್ ಕಲಿಯುತ್ತೇನೆ, ನೀನು ನಾಟ್ಯ ಕಲಿ’ ಎಂದು ಸವಾಲು ಹಾಕಿ ಕಲಿತೇಬಿಟ್ಟರು.

‘ಅಂತರಾಗ್ನಿ’ ಎಂಬ ಅವರ ಮೊದಲ ತಂಡ ಉಳಿಯಲಿಲ್ಲ. ಆಮೇಲೆ ಕಟ್ಟಿದ್ದು ‘ರಘು ದೀಕ್ಷಿತ್ ಪ್ರಾಜೆಕ್ಟ್’. ಕಾಲೇಜು ಉತ್ಸವ, ಕ್ಲಬ್ಬು, ಪಬ್ಬು ಎಂದು ಕರೆದಲ್ಲೆಲ್ಲ ಹಾಡು. ಪಬ್ಬೆಂದರೆ ಪೋಷಕರು ಹುಬ್ಬು ಗಂಟಿಕ್ಕುವುದು ಸಹಜ. ಅದು ಮಕ್ಕಳು ಹೋಗುವ ಜಾಗವೂ ಅಲ್ಲ. ಆದರೆ ಸ್ವಂತ ಹಾಡು ಕಟ್ಟುವ ತಂಡಗಳಿಗೆ ನಗರದಲ್ಲಿ ಬೇರೆ ವೇದಿಕೆಗಳು ಕಡಿಮೆ. ಕುಡಿಯಲು, ಹರಟಲು ಬಂದವರ ಕಿವಿಯನ್ನು ತನ್ನತ್ತ ತಿರುಗಿಸಿಕೊಳ್ಳುವುದು ಯಾವ ಪರೀಕ್ಷೆಗೂ ಕಡಿಮೆಯಲ್ಲ. ರೆಕಾರ್ಡ್ ಕಂಪನಿಗಳು ವರ್ಷಗಟ್ಟಲೆ ‘ಬೇಡ’ ಎಂದವು. ಕೊನೆಗೆ ಮುಂಬೈಯಲ್ಲಿ ಇವರ ಹಾಡು ಕೇಳಿದ ಸಂಗೀತ ನಿರ್ದೇಶಕರಾದ ವಿಶಾಲ್–ಶೇಖರ್ ಜೋಡಿ 2008ರಲ್ಲಿ ಮೊದಲ ಆಲ್ಬಂ ಹೊರತಂದಿತು. ಅದೇ ವರ್ಷ ಇವರು ಸಂಗೀತ ನೀಡಿದ ‘ಸೈಕೋ’ ಚಿತ್ರವೂ ತೆರೆಕಂಡಿತು.

ಆ ಆಲ್ಬಂನಲ್ಲಿ ಶಿಶುನಾಳ ಶರೀಫರ ಗುಡುಗುಡಿಯ ಪದವಿದೆ. ಚನ್ನಗಿರಿ, ಸೂಳೆಕೆರೆ ಸೀಮೆಯ ಭಜನೆಗಳಲ್ಲಿ ತತ್ವಪದ ಕೇಳಿದ ಹಿರಿಯರಿಗೆ ಅದು ಹೊಸತೇನಲ್ಲ. ಇಂದಿನ ಮಕ್ಕಳು ಗುಡುಗುಡಿಯನ್ನೇ ಕಂಡಿರಲಾರರು: ಸೇದಿದಾಗ ಹೊಗೆ ನೀರಿನೊಳಗಿಂದ ಗುಳ್ಳೆಗುಳ್ಳೆಯಾಗಿ ಏಳುವ ಸದ್ದೇ ಅದರ ಹೆಸರು. ಅದರ ಸಾಮಗ್ರಿಗಳನ್ನು ಮನಸ್ಸು, ಬುದ್ಧಿಗಳಿಗೆ ಹೋಲಿಸಿದ ಶರೀಫರು (1819–1889) ಪಕ್ಕದ ಹಾವೇರಿ ಜಿಲ್ಲೆಯವರು. ಅವರ ಪದಕ್ಕೆ ಗಿಟಾರ್, ಡ್ರಮ್ ಸೇರಿದರೆ ಕೆಲವರಿಗೆ ಮುಜುಗರ. ಆದರೆ ಏಕತಾರಿಗೆ ಹೊಂದಿದ ಪದ ಗಿಟಾರಿಗೆ ಹೊಂದಬಾರದೇಕೆ? ತಂತಿ ಮಿಡಿದರೆ ನಾದ, ಎರಡರಲ್ಲೂ ಅಷ್ಟೇ.

2010ರಲ್ಲಿ ತಂಡ ಬಿಬಿಸಿಯ ಜೂಲ್ಸ್ ಹಾಲೆಂಡ್ ಸಂಗೀತ ಕಾರ್ಯಕ್ರಮದಲ್ಲಿ ಹಾಡಿತು. ಮರುವರ್ಷ ‘ಸಾಂಗ್‌ಲೈನ್ಸ್’ ಪತ್ರಿಕೆಯ ಶ್ರೇಷ್ಠ ಹೊಸ ಕಲಾವಿದ ಪ್ರಶಸ್ತಿ ರಘು ಅವರಿಗೆ ಬಂತು. ಇಂಗ್ಲೆಂಡಿನ ದೊಡ್ಡ ಉತ್ಸವಗಳ ವೇದಿಕೆ ಏರುವಾಗಲೂ ಅವರು ಉಟ್ಟದ್ದು ಲುಂಗಿ. ಕಾಲಲ್ಲಿ, ಹಿಂದೆ ಸಹಪಾಠಿ ನಕ್ಕಿದ್ದ ಅದೇ ಗೆಜ್ಜೆ.