ಕುಷ್ಟಗಿಯಿಂದ ಮೆಡಿಕಲ್ ಸೀಟಿಗೆ

2025ರ ನೀಟ್ ಪರೀಕ್ಷೆಯನ್ನು ದೇಶದಲ್ಲಿ 22 ಲಕ್ಷಕ್ಕೂ ಹೆಚ್ಚು ಮಕ್ಕಳು ಬರೆದರು, 12.36 ಲಕ್ಷ ಮಂದಿ ಅರ್ಹರಾದರು. ಎಂಬಿಬಿಎಸ್ ಸೀಟುಗಳಿರುವುದು ಒಂದೂಕಾಲು ಲಕ್ಷದ ಆಸುಪಾಸು. ಹದಿನೆಂಟು ಮಂದಿಗೆ ಒಂದು ಸೀಟು ಎಂಬ ಈ ಲೆಕ್ಕ ತಪ್ಪಲ್ಲ, ಆದರೆ ಕೊಪ್ಪಳ ಜಿಲ್ಲೆಯ ಕುಷ್ಟಗಿ ಅಥವಾ ಯಲಬುರ್ಗಾದ ಒಬ್ಬ ಹುಡುಗಿಗೆ ಎದುರಾಗುವ ಪೈಪೋಟಿ ಅದರಲ್ಲಿ ಕಾಣುವುದಿಲ್ಲ. ಸಾಮಾನ್ಯ ವರ್ಗಕ್ಕೆ ಆ ವರ್ಷದ ಅರ್ಹತಾ ಅಂಕ 720ಕ್ಕೆ 144. ಅರ್ಹತೆಯನ್ನು ಪರ್ಸೆಂಟೈಲ್ ಮೇಲೆ ನಿಗದಿಪಡಿಸುವುದರಿಂದ, ಬರೆದವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಪ್ರತಿ ವರ್ಷವೂ ‘ಪಾಸ್’ ಆಗುತ್ತಾರೆ. ಆ ಅಂಕಕ್ಕೆ ಸರ್ಕಾರಿ ಸೀಟು ಸಿಗುವುದಿಲ್ಲ. ಖಾಸಗಿ ಕಾಲೇಜಿನ ಖಾಸಗಿ ಕೋಟಾಕ್ಕೆ ವರ್ಷಕ್ಕೆ ಹತ್ತು ಲಕ್ಷ ಮೀರಿದ ಶುಲ್ಕ ಕಟ್ಟಬೇಕು. ಮಳೆ ನಂಬಿ ಸಜ್ಜೆ, ತೊಗರಿ ಬೆಳೆಯುವ ಮನೆಗೆ ಅದು ಇದ್ದೂ ಇಲ್ಲದ ಸೀಟು. ಹೀಗಾಗಿ ಬಡವರ ಮಕ್ಕಳ ನಿಜವಾದ ಹೋರಾಟವೆಲ್ಲ ಕೈಗೆಟಕುವ ಸೀಟುಗಳ ಸುತ್ತಲೇ.

ಈ ಭಾಗದವರಿಗೆ ಸಂವಿಧಾನದ 371ಜೆ ವಿಧಿ ಇದೆಯಲ್ಲ ಎಂದು ಕೇಳಬಹುದು. ಇದೆ, ಮತ್ತು ಅದು ದೊಡ್ಡ ಆಸರೆ. 2012ರ 98ನೇ ತಿದ್ದುಪಡಿಯ ಫಲವಾಗಿ ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ರಾಜ್ಯದ ಪಾಲಿನ ಶೇ 70ರಷ್ಟು ಸೀಟು ಸ್ಥಳೀಯರಿಗೆ, ಉಳಿದ ಕರ್ನಾಟಕದಲ್ಲಿ ಶೇ 8ರಷ್ಟು. 2015ರಲ್ಲಿ ಶುರುವಾದ ಕೊಪ್ಪಳ ವೈದ್ಯಕೀಯ ಕಾಲೇಜಿನ 150 ಸೀಟುಗಳಲ್ಲಿ ಅಖಿಲ ಭಾರತ ಕೋಟಾ ಕಳೆದರೆ ಸ್ಥಳೀಯರಿಗೆ ದಕ್ಕುವುದು ಅಂದಾಜು ತೊಂಬತ್ತು. ಅವು ಬೀದರ್‌ನಿಂದ ಬಳ್ಳಾರಿಯವರೆಗಿನ, ಕೋಟಿ ಮೀರಿದ ಜನರಿರುವ ಏಳು ಜಿಲ್ಲೆಗಳಿಗೆಲ್ಲ ಸೇರಿದವು, ಕೊಪ್ಪಳದವರಿಗಷ್ಟೇ ಮೀಸಲಲ್ಲ. ಈ ಸ್ಥಳೀಯ ಮೀಸಲಿನಿಂದ ಪ್ರತಿಭೆಗೆ ಅನ್ಯಾಯ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ನೀಟ್ ಅರ್ಹತೆ ಇವರಿಗೂ ಅದೇ, ಆಮೇಲೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಪರೀಕ್ಷೆಯನ್ನೂ ಎಲ್ಲರಂತೆಯೇ ಪಾಸಾಗಬೇಕು.

ನನ್ನ ಚಿಂತೆ ಬೇರೆ. 371ಜೆ ನೋಡುವುದು ಹುಟ್ಟು, ವಾಸವನ್ನು. ರಾಜ್ಯದ ಶೇ 15ರ ಗ್ರಾಮೀಣ ಕೋಟಾ ಮತ್ತು ಶೇ 5ರ ಕನ್ನಡ ಮಾಧ್ಯಮ ಕೋಟಾ ನೋಡುವುದು ಹತ್ತನೇ ತರಗತಿಯವರೆಗಿನ ಓದನ್ನು. ನೀಟ್ ರ‍್ಯಾಂಕ್ ತೀರ್ಮಾನವಾಗುವುದು ಹತ್ತನೇ ತರಗತಿಯಾದ ಮೇಲೆ: ಪಿಯುಸಿಯ ಎರಡು ವರ್ಷದಲ್ಲಿ, ಮತ್ತು ಮತ್ತೆ ನೀಟ್ ಬರೆಯಲು ತೆಗೆದುಕೊಳ್ಳುವ, ಜನ ‘ಲಾಂಗ್ ಟರ್ಮ್’ ಎಂದು ಕರೆಯುವ ಹೆಚ್ಚುವರಿ ವರ್ಷದಲ್ಲಿ. ಕುಷ್ಟಗಿಯ ಸರ್ಕಾರಿ ಪಿಯು ಕಾಲೇಜಿನಲ್ಲಿ ಓದಿದವಳೂ, ಅದೇ ತಾಲ್ಲೂಕಿನಲ್ಲಿ ಹುಟ್ಟಿ ಧಾರವಾಡದಲ್ಲೋ ಮಂಗಳೂರಿನಲ್ಲೋ ಹಾಸ್ಟೆಲ್ಲಿನಲ್ಲಿದ್ದು ಕೋಚಿಂಗ್ ಪಡೆದವನೂ ಒಂದೇ ಕೋಟಾದಲ್ಲಿ ಎದುರುಬದುರು. ಆ ಹೆಚ್ಚುವರಿ ವರ್ಷದ ಬೆಲೆ ಎಷ್ಟೆಂಬುದಕ್ಕೆ ತಮಿಳುನಾಡಿನ ನ್ಯಾಯಮೂರ್ತಿ ಎ.ಕೆ. ರಾಜನ್ ಸಮಿತಿಯ ವರದಿ ಸಾಕ್ಷಿ: ನೀಟ್‌ಗೆ ಮೊದಲು, 2016–17ರಲ್ಲಿ, ಅಲ್ಲಿ ಎಂಬಿಬಿಎಸ್ ಸೇರಿದವರಲ್ಲಿ ಮರುಪ್ರಯತ್ನ ಮಾಡಿದವರು ಶೇ 12ರಷ್ಟಿದ್ದರು, 2020–21ಕ್ಕೆ ಶೇ 71 ದಾಟಿದರು. ಒಂದು ವರ್ಷ ದುಡಿಯದೆ, ದುಡ್ಡು ಕೊಟ್ಟು ಓದುತ್ತಾ ಕೂರುವ ಅನುಕೂಲ ಎಲ್ಲ ಮನೆಗೂ ಇರುವುದಿಲ್ಲ. ಹೆಣ್ಣುಮಕ್ಕಳಿಗಂತೂ ಆ ವರ್ಷ ಕೇಳಿ ಪಡೆಯುವುದೇ ಕಷ್ಟ.

ಸೀಟು ಹೆಚ್ಚಿಸಿದರೆ ಸಾಕು ಎನ್ನುವವರಿದ್ದಾರೆ. ದೇಶದ ಎಂಬಿಬಿಎಸ್ ಸೀಟುಗಳು 2014ರಲ್ಲಿ 51 ಸಾವಿರ ಚಿಲ್ಲರೆ ಇದ್ದವು, ಹತ್ತೇ ವರ್ಷದಲ್ಲಿ ಎರಡರಷ್ಟಾದವು. ನೀಟ್‌ಗೆ ಹೆಸರು ನೋಂದಾಯಿಸಿದವರೂ 2017ರ 11 ಲಕ್ಷದಿಂದ 2024ಕ್ಕೆ 24 ಲಕ್ಷ ತಲುಪಿದರು. ಸೀಟು ಬೆಳೆದಂತೆ ಸಾಲೂ ಬೆಳೆಯಿತು, ಸಾಲಿನಲ್ಲಿ ಮುಂದೆ ನಿಲ್ಲುವವರು ಬದಲಾಗಲಿಲ್ಲ. ಕೊಪ್ಪಳ, ಯಾದಗಿರಿಗಳಿಗೆ ಸರ್ಕಾರಿ ಕಾಲೇಜು ಬಂದದ್ದು ಬಹಳ ಒಳ್ಳೆಯದು, ಅದನ್ನು ಅಲ್ಲಗಳೆಯಲಾರೆ. ಆದರೆ ತಮಿಳುನಾಡು 2020ರಲ್ಲಿ ಇನ್ನೊಂದು ಹೆಜ್ಜೆ ಇಟ್ಟಿತು: ಆರರಿಂದ ಹನ್ನೆರಡನೇ ತರಗತಿಯವರೆಗೆ ಸರ್ಕಾರಿ ಶಾಲೆಯಲ್ಲೇ ಓದಿ ನೀಟ್‌ನಲ್ಲಿ ಅರ್ಹರಾದವರಿಗೆ ಶೇ 7.5ರಷ್ಟು ಸೀಟು ಮೀಸಲಿಟ್ಟಿತು. ಆ ನಿಯಮ ಹನ್ನೆರಡನೇ ತರಗತಿಯವರೆಗೂ ನೋಡುತ್ತದೆ. ಕಲ್ಯಾಣ ಕರ್ನಾಟಕದ ಶೇ 70ರೊಳಗೆ ಅಂಥದೊಂದು ಪಾಲನ್ನು ಸರ್ಕಾರಿ ಪಿಯು ಕಾಲೇಜಿನ ಮಕ್ಕಳಿಗೆ ತೆಗೆದಿಡಬೇಕು. ಹೊರಗಿನವರ ಒಂದು ಸೀಟೂ ಅದರಿಂದ ಕಡಿಮೆಯಾಗುವುದಿಲ್ಲ.